ಬಟಾಣಿ ಇಟ್ಟ ಕೋಳಿ

ಜೂನ್ ೯, ಸೋಮವಾರ
ಕ್ಯಾಂಟೀನಿನ ಹಿಂಬಾಗಿಲ ಮೆಟ್ಟಿಲು

ಪ್ರೀತಿಯ ಗುಬ್ಬಿಗೆ,

ಮಾವನ ತುಂಬು ಆಶೀರ್ವಾದ. ಇಲ್ಲಿ ನಾನು ಕ್ಷೇಮ, ನನ್ನ ಬಾಯಿಯೂ ಕ್ಷೇಮ. ಅಲ್ಲಿ ನೀನು, ನಿಮ್ಮಮ್ಮ ಹೇಗಿದ್ದೀರಿ? ಪತ್ರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಬರೆಯೋಣವೆಂದರೆ ಕೈ ಖಾಲಿ ಇರಲಿಲ್ಲ, ಖಾಲಿಯಾದಾಗ ಒದ್ದೆ ಇತ್ತು. ಮೇಲಿನ ಸಾಲಿನಲ್ಲಿ ಮಸಿ ಹರಡಿದೆಯಲ್ಲ, ಅದು ಕಣ್ಣೀರೆಂದು ನೀನು ಗಾಬರಿಯಾಗುವವಳು. ಸೋಪಿನ ನೀರು ಕಣೇ.

ಸುದ್ದಿ ಏನೆಂದರೆ, ನಿನ್ನ ಮಾವ ಕೆಲಸಕ್ಕೆ ಸೇರಿದ್ದಾನೆ! ಸಂಬಳದ ಕೆಲಸ, ಸಮವಸ್ತ್ರದ ಕೆಲಸ. ಇಲ್ಲಿ ದೊಡ್ಡಾಸ್ಪತ್ರೆ ಇದೆಯಲ್ಲ, ಅದರ ಕ್ಯಾಂಟೀನಿನಲ್ಲಿ. ಮೈಕ್ ಸೆಟ್ಟುಗಳನ್ನು ಕೊಟ್ಟುಬಿಟ್ಟೆ. ಈಗಿನವರಿಗೆ ನನ್ನ ಹಾರ್ನು ಬೇಡ, ಆಂಪ್ಲಿಫೈಯರು ಬೇಡ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕಂಠ ಬೇಡ. ಅಂಗೈಯಗಲದ ಡಬ್ಬಿಗಳು ಬಂದಿವೆ, ಅವೇ ಕಿವಿ ಹರಿಯುವ ಹಾಗೆ ಕಿರುಚಿಕೊಳ್ಳುತ್ತವೆ. ಕಿರುಚಲಿ ಬಿಡು. ಮೈಕ್ ಮಾವ ಎಂದು ಊರೆಲ್ಲ ಕರೆಯುತ್ತಿದ್ದ ಮನುಷ್ಯ ಐವತ್ತು ದಾಟಿದ ಮೇಲೆ ಹೊಸ ಉದ್ಯೋಗ ಶುರು ಮಾಡಿದ ಎಂದರೆ ಅದೇನು ಸಣ್ಣ ಮಾತೇ? ನಿಮ್ಮ ಶಾಲೆಯ ಮಕ್ಕಳಿಗೆ ಪಾಠದ ನಡುವೆ ಹೇಳಬೇಕಾದ ಸಂಗತಿ ಇದು.

ಕ್ಯಾಂಟೀನ್ ನೋಡಿಕೊಳ್ಳುವ ಮೇಡಂ ಹೆಚ್ಚುಕಡಿಮೆ ನಿನ್ನ ವಯಸ್ಸಿನವಳು. ಕೈಯಲ್ಲಿ ಸದಾ ಒಂದು ಉದ್ದ ಮುಳ್ಳಿನ ಥರ್ಮಾಮೀಟರ್. ಅನ್ನಕ್ಕೂ ಚುಚ್ಚುತ್ತಾಳೆ, ಬೇಳೆಗೂ ಚುಚ್ಚುತ್ತಾಳೆ, ಬಿಸಿ ಸಾಲದಿದ್ದರೆ ಪಾತ್ರೆ ವಾಪಸ್ ಒಲೆಗೆ. ನಾನು ಅವಳಿಗೆ ಥರ್ಮಾಮೀಟರ್ ಮೇಡಂ ಎಂದು ಹೆಸರಿಟ್ಟಿದ್ದೇನೆ. ಅವಳಿಗೆ ಗೊತ್ತಿಲ್ಲ, ನೀನೂ ಹೇಳಬೇಡ.

"ಹಿಂದೆ ಅನುಭವ ಇದೆಯಾ?" ಎಂದಳು.

"ಇಲ್ದೆ ಏನು ಮೇಡಂ! ಸಾವಿರಾರು ಜನ ಊಟಕ್ಕೆ ಕೂತಾಗ ಎಲ್ಲರಿಗಿಂತ ಮುಂದೆ ನಿಂತವನು ನಾನೇ."

"ಅಡುಗೆ ಮಾಡ್ತಿದ್ರಾ?"

"ಅಡುಗೆ ಅಂತಲ್ಲ."

"ಬಡಿಸ್ತಿದ್ರಾ?"

"ಬಡಿಸೋದು ಅಂತಾನೂ ಅಲ್ಲ. ಹಲೋ, ಹಲೋ, ಊಟ ತಯಾರಾಗಿದೆ, ಎಲ್ಲರೂ ದಯಮಾಡಿಸಬೇಕು ಅಂತ ಮೈಕಲ್ಲಿ ಕರೀತಿದ್ದೆ."

ಅಲ್ಲೇ ಕರೆದೂ ತೋರಿಸಿದೆ. ಹೊರಗಿನ ಬೆಂಚಿನ ಮೇಲೆ ಕೂತಿದ್ದವರಲ್ಲಿ ಇಬ್ಬರು ಎದ್ದು ತಟ್ಟೆ ಹುಡುಕಿಕೊಂಡು ಒಳಗೆ ಬಂದೇಬಿಟ್ಟರು. ಮೇಡಂ ನಗಲಿಲ್ಲ. "ಉಗುರು ತೋರಿಸಿ" ಎಂದಳು. ತೋರಿಸಿದೆ. "ಇದು ಕೊಳೆ ಅಲ್ಲ ಮೇಡಂ, ವೈರಿಗೆ ಬೆಸುಗೆ ಹಾಕಿದ ಕಲೆ" ಎಂದೆ. "ಕತ್ತರಿಸ್ಕೊಂಡು ನಾಳೆ ಬನ್ನಿ" ಎಂದಳು. ಅಷ್ಟೇ. ಗೆದ್ದೆ.

ಈಗ ನನ್ನ ಅಧಿಕಾರ ಕೇಳು. ಈ ಆಸ್ಪತ್ರೆಯಲ್ಲಿ ಬೇಯುವ ಒಂದು ಅಗುಳೂ ನನ್ನ ಕೈ ದಾಟದೆ ಹೋಗುವುದಿಲ್ಲ. ಡಾಕ್ಟರಾಗಲಿ, ಕಸ ಗುಡಿಸುವವನಾಗಲಿ, ತಿಂದ ತಟ್ಟೆಯನ್ನು ತಂದು ನನಗೆ ಒಪ್ಪಿಸಲೇಬೇಕು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಿಂಡಿ, ಕಿಂಡಿಯ ಈಚೆ ನಾನು. ನೀನು ಜಾಣೆ, ಇಷ್ಟು ಹೊತ್ತಿಗೆ ಅರ್ಥವಾಗಿರುತ್ತದೆ. ಹೌದಮ್ಮ, ಎಂಜಲು ತಟ್ಟೆ ತೊಳೆಯುವ ಕೆಲಸ. ನಿಮ್ಮಮ್ಮನಿಗೆ ಓದಿ ಹೇಳುವಾಗ ಈ ಸಾಲು ಹಾರಿಸು. ಮುಖ್ಯ ಅಡುಗೆಯವನ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಾನಂತೆ ಎಂದು ಹೇಳು. ಸುಳ್ಳೇನಲ್ಲ. ನಡುವೆ ಒಂದು ಗೋಡೆ ಇದೆ, ಅಷ್ಟೇ.

ಆದರೆ ಗುಬ್ಬಿ, ನನಗೆ ಈ ಕಿಂಡಿಯಲ್ಲಿ ನಿಲ್ಲಲಾಗುತ್ತಿಲ್ಲ. ಕೆಲಸ ಕಷ್ಟವೆಂದಲ್ಲ. ಒಂದು ತೊಟ್ಟಿಯಲ್ಲಿ ತೊಳೆ, ಇನ್ನೊಂದರಲ್ಲಿ ಜಾಲಿಸು, ಮತ್ತೊಂದರಲ್ಲಿ ಔಷಧಿ ನೀರಿಗೆ ಅದ್ದು, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಲು ಬಿಡು. ಎರಡೇ ದಿನಕ್ಕೆ ಕೈಗೆ ಹತ್ತಿತು. ತಾಳಲಾಗದ್ದು ಏನೆಂದರೆ ಕಿಂಡಿಯಲ್ಲಿ ಕಾಣುವುದು ಬರೀ ಕೈಗಳು. ಬಳೆಯ ಕೈ, ನಡುಗುವ ಕೈ, ಮಸಿಯ ಕೈ. ಮುಖವೇ ಇಲ್ಲ. ಮುಖ ಕಾಣದೆ ನಾನು ಯಾರಿಗೆ ಮಾತಾಡಲಿ? ಜೊತೆಯಲ್ಲಿ ತೊಳೆಯುವವನು ಒಬ್ಬನಿದ್ದಾನೆ, ಬೆಳಿಗ್ಗೆ "ಬಂದ್ರಾ" ಎಂದರೆ ಸಂಜೆ "ಹೊರಟ್ರಾ" ಎಂದೇ ಮುಂದಿನ ಮಾತು. ಅವನಿಗೆ ಮೌನಿ ಎಂದು ಹೆಸರಿಟ್ಟೆ. ಆ ಹೆಸರಿಗೂ ಅವನು ಏನೂ ಹೇಳಲಿಲ್ಲ.

ನನ್ನ ಕಣ್ಣೆಲ್ಲ ಮುಂದಿನ ಕೌಂಟರಿನ ಮೇಲೆ. ಅಲ್ಲಿ ಸೌಟು ಹಿಡಿದು ನಿಂತರೆ ಎದುರಿಗೆ ಸಾಲುಸಾಲು ಮುಖಗಳು. ಈ ತಿಂಗಳು ಮುಗಿಯುವವರೆಗೆ ನೋಡಿ ನನ್ನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂದು ಮೇಡಂ ಹೇಳುತ್ತಾಳಂತೆ. ಉಳಿದವರಲ್ಲಿ ಒಬ್ಬರಿಗೆ ಕೌಂಟರು. ನಿಮ್ಮಮ್ಮ ಕೊನೆಯ ಸಲ ಸಿಕ್ಕಾಗ ಅಂದದ್ದು ನೆನಪಿದೆಯಾ? "ನೀನು ಬಾಯಿ ಮುಚ್ಕೊಂಡು ಎಲ್ಲಾದ್ರೂ ಕೆಲಸ ಮಾಡು, ಆವತ್ತು ನಾನೇ ಬಂದು ನಿನ್ನ ಕೈಯಲ್ಲಿ ಬಡಿಸಿಕೊಂಡು ತಿಂತೀನಿ." ನೀನು ಪಕ್ಕದಲ್ಲೇ ನಿಂತು ಕಿಸಿಕಿಸಿ ನಗುತ್ತಿದ್ದೆ. ನನಗೆ ಕೂಳು ಹಾಕಿ ಬೆಳೆಸಿದ ಅಕ್ಕ ಅವಳು. ಅವಳು ತಟ್ಟೆ ಹಿಡಿದು ನನ್ನ ಮುಂದೆ ನಿಲ್ಲಬೇಕು, ನಾನು ಬಿಳಿ ಏಪ್ರನ್ನಿನಲ್ಲಿ ಬಡಿಸಬೇಕು. ಈ ತಿಂಗಳು ನನಗೆ ಬೇಕಾದ್ದು ಅದೊಂದೇ.

ಬಾಯಿಯ ವಿಷಯದಲ್ಲಿ ಮಾತ್ರ ಸ್ವಲ್ಪ ತೊಂದರೆ. ನನ್ನ ಸಿಂಕಿನ ಪಕ್ಕದಲ್ಲೇ ಊಟದ ಲಿಫ್ಟು. ಮನುಷ್ಯರು ಹೋಗುವುದಲ್ಲ, ರೋಗಿಗಳ ಟ್ರೇಗಳಷ್ಟೇ ಹೋಗಿ ಬರುವ ಸಣ್ಣ ಪೆಟ್ಟಿಗೆ. ಅದರ ಕೊಳವೆ ಮೇಲಿನ ಮಹಡಿಯವರೆಗೆ ನೆಟ್ಟಗಿದೆ, ನನ್ನ ಹಳೆಯ ಹಾರ್ನಿನ ಅಪ್ಪನ ಹಾಗೆ. ನಾನು ಇಲ್ಲಿ ಮೌನಿಗೆ ಹೇಳಿದ ಜೋಕು ಮೂರನೇ ಮಹಡಿಯ ವಾರ್ಡಿನಲ್ಲಿ ಕೇಳಿಸಿತಂತೆ! ದೂರು ಬಂತು. "ಇನ್ನೊಂದು ಸಲ ಮೇಲಿಂದ ದೂರು ಬಂದ್ರೆ ಕೆಲಸ ಇಲ್ಲ" ಎಂದಳು ಮೇಡಂ. ಅಂದಿನಿಂದ ನಿನ್ನ ಮಾವ ಪಿಸುಮಾತಿನಲ್ಲಿ ಬದುಕುತ್ತಿದ್ದಾನೆ. ನೀನು ನಂಬುವುದಿಲ್ಲ, ನನಗೇ ನಂಬಿಕೆಯಿಲ್ಲ.

ಕೂಡಲೇ ಉತ್ತರ ಬರೆ. ಅಕ್ಕನ ಮೊಣಕಾಲು ನೋವು ಹೇಗಿದೆ ಎಂದು ಬರೆ.

ನಿನ್ನ ಮೈಕ್ ಮಾವ
(ಸದ್ಯಕ್ಕೆ ಸ್ವಿಚ್ ಆಫ್)

ತಾ.ಕ.: ಟೋಪಿ ನನಗೆ ಚೆನ್ನಾಗಿ ಒಪ್ಪುತ್ತದೆ.


ಜೂನ್ ೨೦, ಶುಕ್ರವಾರ
ಮಧ್ಯಾಹ್ನ, ಅದೇ ಮೆಟ್ಟಿಲು

ಗುಬ್ಬಿ,

ಆಶೀರ್ವಾದ. ಉತ್ತರ ಯಾಕಿಲ್ಲ? ಪರೀಕ್ಷೆಯ ಪೇಪರುಗಳ ರಾಶಿಯಲ್ಲಿ ಮಾವನ ಪತ್ರವನ್ನೂ ತಿದ್ದಿ ಕಡಿಮೆ ಅಂಕ ಹಾಕಿ ಬದಿಗಿಟ್ಟೆಯಾ?

ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ನಿಮ್ಮ ಮನೆಯ ಕೆಳಗಿನ ದಿನಸಿ ಅಂಗಡಿಗೆ ಫೋನು ಮಾಡಿದೆ. "ಅಕ್ಕನ್ನ ಸ್ವಲ್ಪ ಕರೀರಿ" ಎಂದರೆ ಅಂಗಡಿಯವನು ಒಂದು ಕ್ಷಣ ತಡವರಿಸಿದ. "ತಾಯಿ ಮಗಳು ಇಬ್ರೂ ಊರಲ್ಲಿಲ್ಲ, ಯಾವ್ದೋ ಮದುವೆಗೆ ಹೋದ್ರು" ಎಂದ. ಯಾರ ಮದುವೆ ಎಂದರೆ ಗಿರಾಕಿ ಬಂದರು ಎಂದು ಇಟ್ಟುಬಿಟ್ಟ. ನನ್ನ ಮೈಕಿಲ್ಲದೆ ನಮ್ಮ ಕಡೆ ಯಾರ ಮದುವೆಯಾಯಿತು? ನನ್ನನ್ನು ಕರೆಯದೆ ಇರುವಷ್ಟು ಧೈರ್ಯ ಯಾವ ನೆಂಟನಿಗೆ ಬಂತು? ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಮದುವೆಯ ವಯಸ್ಸಿನವಳು ನೀನೊಬ್ಬಳೇ. ಕಳ್ಳಿ, ನೀನೇ ಏನಾದರೂ ಮಾಡಿಕೊಂಡೆಯಾ?

ಹೋಗಲಿ. ಇಲ್ಲಿ ಒಂದು ವಿಚಿತ್ರ ನಡೆಯಿತು, ಅದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ಮಧ್ಯಾಹ್ನದ ಊಟಕ್ಕೆ ರೋಗಿಗಳಿಗೆ ಮೆತ್ತಗಿನ ಅನ್ನ, ತೆಳ್ಳಗಿನ ಬೇಳೆ, ಬೇಯಿಸಿದ ಕ್ಯಾರೆಟ್ಟು ಬಟಾಣಿ, ಚಿಪ್ಪಿನ ಸಮೇತ ಒಂದು ಬೇಯಿಸಿದ ಮೊಟ್ಟೆ. ಟ್ರೇಗಳು ಲಿಫ್ಟಿನಲ್ಲಿ ಇಳಿದು ಬರುತ್ತವೆ. ಅಂಚಿಗೆ ಅಂಟಿಸಿದ ಪಟ್ಟಿಯ ಬಣ್ಣ ನೋಡಿದರೆ ಯಾವ ಮಹಡಿಯದೆಂದು ತಿಳಿಯುತ್ತದೆ, ಮೂರನೆಯದಕ್ಕೆ ಹಸಿರು. ಮೊನ್ನೆ ಒಂದು ಹಸಿರು ಪಟ್ಟಿಯ ಟ್ರೇ ಬಂತು. ಅನ್ನ ಹಾಗೇ ಇದೆ, ಬೇಳೆ ಕೆನೆಗಟ್ಟಿದೆ, ಪುಟ್ಟ ಬಟ್ಟಲಲ್ಲಿ ಮೊಟ್ಟೆಯೂ ಹಾಗೇ ಕೂತಿದೆ. ನಿಯಮದ ಪ್ರಕಾರ ಮುಟ್ಟದಿದ್ದರೂ ಎಲ್ಲ ಬಕೀಟಿಗೇ ಹೋಗಬೇಕು. ನನಗೋ ಹಸಿವು. ಅಯ್ಯೋ ಪಾಪ, ಒಳ್ಳೇ ಮೊಟ್ಟೆ ಎಂದು ಆಚೀಚೆ ನೋಡಿ ಎತ್ತಿಕೊಂಡೆ. ಬೆರಳು ಪಚಕ್ಕನೆ ಒಳಗೆ ಹೋಯಿತು. ಬರೀ ಚಿಪ್ಪು! ತಿಂದು ಮುಗಿಸಿ, ತೂತಿದ್ದ ಕಡೆ ಕೆಳಗೆ ಮಾಡಿ, ಇಡೀ ಮೊಟ್ಟೆಯ ಹಾಗೆ ನಿಲ್ಲಿಸಿದ್ದಾರೆ. ಮೌನಿ ನೋಡಿಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಅವನು ನಕ್ಕ. ನಾನೂ ನಕ್ಕೆ, ಪಿಸುಪಿಸು ನಗುವುದು ಎಷ್ಟು ಕಷ್ಟ ಗೊತ್ತಾ?

ಆಮೇಲೆ ಬಟ್ಟಲು ನೋಡಿದೆ. ಚಿಪ್ಪಿನ ಕೆಳಗೆ ಒಂದು ಬಟಾಣಿ.

ಗುಬ್ಬಿ, ಚಿಪ್ಪು ಬೋರಲು ಹಾಕುವ ಆಟ ಯಾರು ಬೇಕಾದರೂ ಆಡುತ್ತಾರೆ. ಬಟಾಣಿ ಇಡುವವರು ಯಾರು? ನಮ್ಮವ್ವ ಹೋದ ಮೇಲೆ ನಾನು ಊಟ ಬಿಟ್ಟು ಮೂಲೆ ಹಿಡಿದು ಕೂತಿದ್ದಾಗ ನಿಮ್ಮಮ್ಮ ಕಂಡುಹಿಡಿದ ಆಟ ಅದು. ಅವಳಿಗೂ ಆಗ ಲಂಗ ಹಾಕುವ ವಯಸ್ಸೇ. ಮೊಟ್ಟೆ ತಂದು ನನ್ನ ಮುಂದಿಡುವಳು. "ಈ ಕೋಳಿಗೆ ತಲೆ ಕೆಟ್ಟಿದೆ ಕಣೋ, ಮೊಟ್ಟೆ ಅಂತ ಹೇಳಿ ಬಟಾಣಿ ಇಟ್ಟಿದೆ, ಎತ್ತಿ ನೋಡು." ನಾನು ಎತ್ತಿ ನಗುವುದರೊಳಗೆ ಬಾಯಿಗೆ ತುತ್ತು ತುರುಕುವಳು. ನಿನಗೂ ನಾನು ಹಾಗೇ ತಿನ್ನಿಸಿದ್ದು, ಮರೆತಿರಲಾರೆ. ನಮ್ಮ ಮನೆಯ ಹೊರಗೆ ಈ ಆಟ ಯಾರಿಗೆ ಗೊತ್ತು? ನಿಮ್ಮಮ್ಮ ಯಾರಿಗಾದರೂ ಕಲಿಸಿದ್ದಳೇನೋ ಕೇಳಿ ಬರೆ. ಪಕ್ಕದ ಮನೆಯವರಿಗೆ? ಬಸ್ಸಿನಲ್ಲಿ ಸಿಕ್ಕವರಿಗೆ? ಯಾರಿಗೋ ಕಲಿಸಿರಬೇಕು. ಕಲಿಸಿದ್ದಾಳೆ ಎಂದೇ ಬರೆ.

ಮೂರನೇ ಮಹಡಿಯಲ್ಲಿ ಟ್ರೇ ಹಂಚುವ ಟ್ರಾಲಿ ಅಮ್ಮ ಎಂಬಾಕೆ ಸಂಜೆ ಚಹಾಕ್ಕೆ ಕೆಳಗೆ ಬರುತ್ತಾಳೆ. ದೊಡ್ಡ ಲೋಟದಲ್ಲಿ ಚಹಾ ಕೊಟ್ಟು, "ಮೊಟ್ಟೆ ಬೋರಲು ಹಾಕೋರು ಯಾರು ಅಲ್ಲಿ?" ಎಂದು ಕೇಳಿದೆ. "ಪೇಷಂಟ್ ವಿಷಯ ಅಡುಗೆಮನೆಗೆ ಹೇಳಂಗಿಲ್ಲ" ಎಂದಳು. ಇನ್ನೊಂದು ಲೋಟ ಕೊಟ್ಟೆ. ಅದನ್ನೂ ಕುಡಿದಳು, ಹೇಳಲಿಲ್ಲ.

ಮೇಡಂ ಕರೆಯುತ್ತಿದ್ದಾಳೆ. ಪತ್ರ ಸಿಕ್ಕ ತಕ್ಷಣ ಬರೆ. ಮದುವೆಯಲ್ಲಿ ಊಟ ಹೇಗಿತ್ತು ಎಂದಾದರೂ ಬರೆ.

ಮಾವ

ತಾ.ಕ.: ನಿನ್ನೆ ಒಂದು ಕೆಲಸ ಮಾಡಿದೆ. ಲಿಫ್ಟಿನ ಬಾಗಿಲು ತೆರೆದಿದ್ದಾಗ ಮೌನಿಗೆ ಹೇಳುವವನ ಹಾಗೆ, "ಒಂದೇ ಬಟಾಣಿನಾ? ಕೋಳಿಗೆ ವಯಸ್ಸಾಯ್ತು" ಎಂದೆ. ತೀರಾ ಜೋರಾಗಿ ಅಲ್ಲ. ಇವತ್ತಿನ ಟ್ರೇ ಇನ್ನೂ ಇಳಿದಿಲ್ಲ.


ಜೂನ್ ೨೭, ಶುಕ್ರವಾರ
ಸಂಜೆ ಚಹಾದ ಹೊತ್ತು

ನನ್ನ ಗುಬ್ಬಿ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಿಂದಿನವೆರಡೂ ನಿಮ್ಮ ಮನೆಯ ಬಾಗಿಲಡಿಯಲ್ಲಿ ಧೂಳು ತಿನ್ನುತ್ತಿವೆ ಎಂದು ಈಗ ಗೊತ್ತು. ಇದನ್ನು ಟ್ರಾಲಿ ಅಮ್ಮನ ಕೈಯಲ್ಲಿ ಮೇಲೆ ಕಳಿಸುತ್ತೇನೆ. ನನ್ನ ತಲೆಯ ಮೇಲೆ ನೀನು ಕೂತಿದ್ದೀಯ, ನಾನು ಇಷ್ಟು ದೂರದ ವಿಳಾಸ ಬರೆದು ಅಂಚೆಚೀಟಿ ಹಚ್ಚುತ್ತಿದ್ದೆ. ಬರೆಯಲು ತಡವಾದದ್ದಕ್ಕೆ ಈ ಸಲ ಕ್ಷಮೆ ಕೇಳುವುದಿಲ್ಲ. ನೀನೇ ಕೇಳಬೇಕು. ಕೇಳಬೇಡ, ಬಿಡು.

ಹಿಂದಿನ ಪತ್ರ ಬರೆದ ದಿನ ಮಧ್ಯಾಹ್ನವೇ ಟ್ರೇ ಇಳಿಯಿತು. ಚಿಪ್ಪೆತ್ತಿದೆ, ಕೆಳಗೆ ಬಟಾಣಿ ಮೂರು! ಕೋಳಿಗೆ ವಯಸ್ಸಾಯಿತು ಎಂದದ್ದಕ್ಕೆ ಉತ್ತರ. ಇಂಥ ಎದುರುತ್ತರ ಕೊಡುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ. ಮೌನಿ ಸ್ಟೂಲು ಎಳೆದು ಕೊಟ್ಟ. ಸಂಜೆ ಟ್ರಾಲಿ ಅಮ್ಮನಿಗೆ ಚಹಾ ಕೊಡಲಿಲ್ಲ. "ಅವರ ಮೂಗಿನ ಪಕ್ಕ ಮಚ್ಚೆ ಇದೆ. ಜೊತೇಲಿರೋ ಮಗಳು ಟೀಚರು. ಹೌದಾ ಅಲ್ವಾ, ಅಷ್ಟು ಹೇಳು ತಾಯಿ" ಎಂದೆ. ಆಕೆ ಆಚೀಚೆ ನೋಡಿ ಹತ್ತಿರ ಬಂದಳು. "ಕಿಟಕಿ ಪಕ್ಕದ ಮಂಚ. ಬೇರೇನೂ ತಿನ್ನಲ್ಲ ಕಣಪ್ಪಾ. ಮಗಳು ಚಮಚ ಹಿಡ್ಕೊಂಡು ಕೂತೇ ಇರ್ತಾಳೆ. ಮೊಟ್ಟೆ ಮಾತ್ರ ತಾವೇ ತಿಂದು, ತಾವೇ ಬೋರಲು ಹಾಕಿ, ಬೇಗ ಕೆಳಗೆ ಕಳಿಸು ಅಂತಾರೆ."

ನನ್ನ ಅಕ್ಕ ನಾನು ಬಂದ ಮೊದಲ ವಾರದಿಂದಲೇ ಕೊಳವೆಯಲ್ಲಿ ನನ್ನ ದನಿ ಕೇಳುತ್ತಿದ್ದಳು. ನನ್ನ ಮೇಲೆ ದೂರು ಹೋಯಿತಲ್ಲ, ಅದೂ ಅವಳದೇ ಇದ್ದರೂ ಇರಬಹುದು. ಅವಳಿಗೆ ಅದು ಹೇಳಿ ಮಾಡಿಸಿದ ಕೆಲಸ.

ಸೋಮವಾರ ಎರಡು ಬಟಾಣಿ, ಮಂಗಳವಾರ ಒಂದು. ನಾನು ಒಂದೂ ಮಾತು ಎತ್ತರಿಸಲಿಲ್ಲ. ಅಕ್ಕ ನೋಡುತ್ತಿದ್ದಾಳೆ, ಅಂದರೆ ಕೇಳುತ್ತಿದ್ದಾಳೆ, ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದೆಂದರೆ ಹೇಗೆಂದು ತೋರಿಸುತ್ತೇನೆ ಎಂದು ಹಟ. ತಟ್ಟೆಗೆ ತಟ್ಟೆ ತಾಗಿದ ಸದ್ದು ಕೂಡ ಬರದ ಹಾಗೆ ತೊಳೆದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಲಿಫ್ಟಿನ ಗಂಟೆ ಬಾರಿಸಿದರೆ ಸಾಕು, ಮೌನಿಯನ್ನು ತಳ್ಳಿಕೊಂಡು ಓಡುತ್ತಿದ್ದೆ.

ಬುಧವಾರ ಟ್ರೇ ಬಂತು. ಬಟ್ಟಲಲ್ಲಿ ಮೊಟ್ಟೆ. ನಗುತ್ತಲೇ ಕೈ ಹಾಕಿದೆ. ಭಾರವಾಗಿತ್ತು.

ನಿನಗೆ ಇದು ಹೇಗೆ ಅರ್ಥವಾಗುತ್ತದೋ ತಿಳಿಯದು. ಇಷ್ಟು ವರ್ಷ ಹಾರ್ನು, ಬ್ಯಾಟರಿ, ಕಬ್ಬಿಣದ ಪೆಟ್ಟಿಗೆ ಹೊತ್ತ ಭುಜ ಇದು. ಒಂದು ಮೊಟ್ಟೆಯ ಭಾರಕ್ಕೆ ಕೈ ಕೆಳಗೆ ಹೋಯಿತು. ತಿರುಗಿಸಿ ನೋಡಿದೆ, ಎಲ್ಲೂ ತೂತಿಲ್ಲ. ಬಕೀಟಿಗೆ ಹಾಕಲು ಆಗಲಿಲ್ಲ. ಮೌನಿ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನೇ ಹಾಕಿದ.

ಗುರುವಾರ, ಅಂದರೆ ನಿನ್ನೆ, ಮತ್ತೆ ಭಾರ.

ಆಗ ಏನಾಯಿತೋ, ಲಿಫ್ಟಿನ ಬಾಗಿಲು ಎತ್ತಿ ಒಳಗೆ ತಲೆ ಹಾಕಿಬಿಟ್ಟೆ. ನೀನೂ ಕೇಳಿಸಿಕೊಂಡಿರಬೇಕು. ಆಸ್ಪತ್ರೆಯ ಗೇಟಿನ ಕಾವಲಿನವನಿಗೇ ಕೇಳಿಸಿದೆಯಂತೆ. "ಹಲೋ, ಹಲೋ. ಮೂರನೇ ಮಹಡಿಯವರ ಗಮನಕ್ಕೆ. ಕಿಟಕಿ ಪಕ್ಕದ ಮಂಚದ ಅಕ್ಕನವರ ಗಮನಕ್ಕೆ. ಊಟ ತಯಾರಾಗಿದೆ. ಕೋಳಿ ಬಹಳ ಕಷ್ಟಪಟ್ಟು ಮೊಟ್ಟೆ ಇಟ್ಟಿದೆ, ಅದರ ಮರ್ಯಾದೆ ತೆಗೀಬೇಡಿ. ಒಂದೇ ಒಂದು ಚಮಚ, ದಯಮಾಡಿಸಬೇಕು. ಹಲೋ..." ಕೊನೆಯ ಹಲೋ ಸರಿಯಾಗಿ ಬರಲಿಲ್ಲ. ನನ್ನ ವೃತ್ತಿಜೀವನದಲ್ಲೇ ಮೊದಲ ಸಲ ಮೈಕಿಲ್ಲದೆ ದನಿ ಒಡೆಯಿತು.

ತಲೆ ಹೊರಗೆ ತೆಗೆದರೆ ಹಿಂದೆ ಮೇಡಂ, ಕೈಯಲ್ಲಿ ಥರ್ಮಾಮೀಟರ್.

"ಯಾರವರು?" ಎಂದಳು.

"ನನ್ನಕ್ಕ."

"ಮೊದಲೇ ಯಾಕೆ ಹೇಳಲಿಲ್ಲ?"

"ನನಗೇ ಯಾರೂ ಹೇಳಿರಲಿಲ್ಲ ಮೇಡಂ."

ಅವಳು ಥರ್ಮಾಮೀಟರಿನ ಮುಳ್ಳನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಕಿಂಡಿ ಕೆಲಸ ನಿಮಗೆ ಬೇಡ. ಲಿಫ್ಟಿನ ಹತ್ತಿರ ನೀವು ಬರಲೇಬಾರದು" ಎಂದಳು. ಏಪ್ರನ್ ಬಿಚ್ಚಲು ಗಂಟಿಗೆ ಕೈ ಹಾಕಿದೆ. "ಅದು ಯಾಕೆ ಬಿಚ್ತೀರಿ? ಸೋಮವಾರದಿಂದ ಮುಂದಿನ ಕೌಂಟರ್. ಅಲ್ಲಿಂದ ಮೇಲಕ್ಕೆ ಕೇಳಿಸಲ್ಲ. ಅನ್ನದ ಸೌಟು ಅಂಚಿಗೆ ಸಮ ಇರಬೇಕು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ನಡೆಯಲ್ಲ."

ನೋಡಿದೆಯಾ? ನಾನು ಹಗಲೆಲ್ಲ ಬೇಡಿಕೊಂಡಿದ್ದು ಕೌಂಟರು, ಸಿಕ್ಕಿತು. ಈಗ ಕೌಂಟರು ಬೇಡವಾಗಿದೆ. ಸೋಮವಾರದಿಂದ ಅಕ್ಕನ ಟ್ರೇಯನ್ನು ಮೌನಿ ಎತ್ತುತ್ತಾನೆ. ಮೊಟ್ಟೆ ಹಗುರವೋ ಭಾರವೋ ನನ್ನ ಕೈಗೆ ತಿಳಿಯುವುದಿಲ್ಲ. ಮೇಡಮ್ಮಿಗೆ ಬೇಡ ಎನ್ನೋಣವೆಂದರೆ ಯಾವ ಬಾಯಿಂದ ಎನ್ನಲಿ? ಅವಳು ದಯೆ ಮಾಡಿದ್ದಾಳೆ, ಅದು ನನಗೂ ಗೊತ್ತು.

ಇವತ್ತು ಕಿಂಡಿಯಲ್ಲಿ ನನ್ನ ಕೊನೆಯ ಮಧ್ಯಾಹ್ನ, ನಾಳೆ ನಾಡಿದ್ದು ನನಗೆ ರಜೆ. ಹಸಿರು ಪಟ್ಟಿ ಇಳಿಯಿತು, ಮೌನಿಯೇ ಲಿಫ್ಟಿನಿಂದ ತಂದು ನನ್ನ ಮುಂದಿಟ್ಟ. ಮೊಟ್ಟೆಯ ನೆತ್ತಿ ಒಡೆದಿತ್ತು. ಒಂದು ಚಮಚದಷ್ಟು ಒಳಗೆ ಹೋಗಿದೆ, ಉಳಿದದ್ದು ಹಾಗೇ ಇದೆ, ಬೋರಲು ಹಾಕುವಷ್ಟು ಖಾಲಿಯಾಗಿಲ್ಲ. ಆ ತೂತಿನ ಬಾಯಲ್ಲಿ ಒಂದು ಬಟಾಣಿ ಕೂರಿಸಿದ್ದಳು. ಟ್ರಾಲಿ ಅಮ್ಮ ಈಗಷ್ಟೇ ಬಂದು ಹೇಳಿದಳು, ನಿನ್ನೆ ನನ್ನ ಕೂಗು ಕೇಳಿ ಅಕ್ಕ ಕಣ್ಣು ಬಿಟ್ಟು, "ಇಷ್ಟು ದಿನ ಬಾಯಿ ಮುಚ್ಕೊಂಡಿದ್ದ, ಅದೇ ದೊಡ್ಡದು ಬಿಡು" ಎಂದಳಂತೆ. ನಕ್ಕರೋ ಬೈದರೋ ಗೊತ್ತಾಗಲಿಲ್ಲ ಎಂದಳು ಟ್ರಾಲಿ ಅಮ್ಮ. ನನಗೆ ಗೊತ್ತು. ಎರಡೂ.

ಹಾಗಾದರೆ ಷರತ್ತು ನಾನು ಗೆದ್ದೆ, ಅಲ್ಲವೇ? ಅಕ್ಕ ಬಂದು ನನ್ನ ಕೈಯಲ್ಲಿ ಬಡಿಸಿಕೊಳ್ಳಬೇಕು, ಮಾತೆಂದರೆ ಮಾತು. ಅವಳಿಗೆ ಇಳಿಯಲಾಗದು. ಅವಳ ಪರವಾಗಿ ನೀನು ಬಾ. ನೀನು ಹೊರಗಿನ ಬೆಂಚಿನ ಮೇಲೆ ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದು ದಿನ ದೂಡುತ್ತಿದ್ದೀಯಂತೆ, ಅದೂ ನನಗೆ ತಿಳಿಯಿತು. ನನ್ನ ಕ್ಯಾಂಟೀನಿನ ಪಕ್ಕದಲ್ಲಿ ನೀನು ಬ್ರೆಡ್ಡು ತಿನ್ನುವುದೆಂದರೆ ನನಗೆ ಎಂಥ ಅವಮಾನ! ಸೋಮವಾರ ಮಧ್ಯಾಹ್ನ ಸಾಲಿನಲ್ಲಿ ನಿಲ್ಲು. ಕಿಟಕಿಯ ಕಡೆ ಅನ್ನದ ಪಾತ್ರೆಯ ಹಿಂದೆ ಬಿಳಿ ಟೋಪಿಯವನು ನಾನೇ. ಎಲ್ಲರಿಗಿಂತ ಚೆನ್ನಾಗಿ ಕಾಣುವವನು ಯಾರೋ ಅವನೇ ಎಂದು ಗುರುತು ಹಿಡಿ. ಗಟ್ಟಿಯಾಗಿ ಮಾತಾಡುವುದಿಲ್ಲ, ಅಳುವುದಿಲ್ಲ, ನಿನ್ನ ಗುರುತಿದೆ ಎಂದು ಕೂಡ ತೋರಿಸಿಕೊಳ್ಳುವುದಿಲ್ಲ. ಸೌಟು ಅಂಚಿಗೆ ಸಮ. ನೀನು ತಟ್ಟೆ ಹಿಡಿದು, ಮೊಟ್ಟೆ ಖಾಲಿಯೋ ಭಾರವೋ, ಅದೊಂದು ಮಾತು ಹೇಳಿ ಮುಂದೆ ಹೋಗು. ನಿನ್ನ ಹಿಂದೆ ನಿಂತವರಿಗೆ ತಡವಾಗಬಾರದು.

ಅಕ್ಕನ ಪಾದಕ್ಕೆ ನನ್ನ ನಮಸ್ಕಾರ ಮುಟ್ಟಿಸು. ನಿನಗೆ, ಚಮಚ ಹಿಡಿದು ಸೋತ ಆ ಕೈಗೆ, ಮಾವನ ಸಾವಿರ ಆಶೀರ್ವಾದ. ಹೆದರಬೇಡ. ನಾನು ಕೆಳಗೇ ಇದ್ದೇನೆ.

ನಿನ್ನ ಮಾವ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಮೂರು ಬಟಾಣಿ ಬಂದ ವಾರದ ಭಾನುವಾರ ನನಗೆ ರಜೆ. ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿ, ಮೂರನೇ ಮಹಡಿಗೆ ಹತ್ತಿದ್ದೆ. ವಾರ್ಡಿನ ಬಾಗಿಲಲ್ಲಿ ಕಾವಲಿನವನು ತಡೆದ. ಯಾವ ಪೇಷಂಟ್ ಎಂದು ಕೇಳಿದ, ಹೇಳಿದೆ. "ಮಗಳನ್ನು ಬಿಟ್ಟು ಯಾರನ್ನೂ ಬಿಡಬೇಡಿ ಅಂದಿದ್ದಾರೆ. ಒಬ್ಬ ತಮ್ಮ ಇದ್ದಾನಂತೆ, ಬಾಯಿ ಜೋರಂತೆ, ಅವನಿಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾಗುತ್ತಂತೆ. ಅವನನ್ನಂತೂ ಬಿಡಲೇಬೇಡಿ ಅಂದಿದ್ದಾರೆ. ನೀವು ಅವರಿಗೇನಾಗಬೇಕು?" ಎಂದ. ನಾನು ಹುಟ್ಟಿದ ಮೇಲೆ ಅಷ್ಟು ಮೆಲ್ಲಗೆ ಎಂದೂ ಮಾತಾಡಿಲ್ಲ ಗುಬ್ಬಿ. "ನಾನು ಏನೂ ಆಗಬೇಕಿಲ್ಲ, ಕ್ಯಾಂಟೀನಿನವನು, ಬಟ್ಟಲು ತಗೊಂಡು ಹೋಗೋಕೆ ಬಂದೆ" ಎಂದೆ. "ಬಟ್ಟಲು ಲಿಫ್ಟಲ್ಲಿ ಬರುತ್ತೆ, ಕೆಳಗೆ ಹೋಗು" ಎಂದ. ಇಳಿದು ಬಂದೆ. ಅವನಿಗೆ ಹಾಗೆ ಹೇಳಿದ್ದು ನೀನೇ ಆಗಿದ್ದರೆ ಸೋಮವಾರ ಬಂದಾಗ ಹೇಳು, ನಿನ್ನ ಕಿವಿ ಹಿಂಡಿ ಅಲ್ಲಿಗೇ ಮರೆತುಬಿಡುತ್ತೇನೆ. ಅಕ್ಕನೇ ಹೇಳಿದ್ದಾದರೆ, ಅದೊಂದನ್ನು ಮಾತ್ರ ನನಗೆ ಹೇಳಬೇಡ.